ಬಂಡಿಗಾರ ಅಲೆಕ್ಸಾಂಡರ್ ಮೇಜರ್ಸನ ಚರಿತ್ರೆ

ಸಂಪತ್ತು ಬರುವುದೂ ಹೋಗುವುದೂ ಲೋಕದಲ್ಲಿ ಹೊಸತಲ್ಲ. ಬಂದಾಗ ಬೀಗದೆ, ಹೋದಾಗ ಕುಗ್ಗದೆ ಬಾಳಿದವರು ಮಾತ್ರ ವಿರಳರು. ಬೆಂಗಳೂರಿನ ಬಸವನಗುಡಿಯಲ್ಲಿ ಕಡೆಯ ಕಾರ್ತಿಕ ಸೋಮವಾರದಂದು ರೈತರು ಹೊಸ ಕಡಲೆಕಾಯಿಯನ್ನು ಬಸವಣ್ಣನಿಗೆ ಅರ್ಪಿಸುವರು; ಎತ್ತಿನ ಋಣವನ್ನು ಮರೆಯದ ನಾಡಿದು. ಮೈಸೂರು ಸೀಮೆಯ ಅಮೃತಮಹಲ್ ಎತ್ತುಗಳು ಹೈದರ್ ಮತ್ತು ಟಿಪ್ಪುವಿನ ದಂಡಿನ ಸಾಮಗ್ರಿಯನ್ನೆಳೆದು ಹೆಸರಾದುವು. ಹಾಗೆಯೇ ದೂರದ ಅಮೆರಿಕಾ ದೇಶದಲ್ಲಿ ಎತ್ತುಗಳ ಭುಜಬಲವನ್ನೇ ನೆಚ್ಚಿ ಮಹತ್ತಾದ ಸರಕು ಸಾಗಣೆಯ ಕಂಪೆನಿಯನ್ನು ಬೆಳೆಯಿಸಿ, ಅದು ಕಣ್ಣೆದುರೇ ಮುರಿದುಬಿದ್ದುದನ್ನು ಕಂಡವನು ಅಲೆಕ್ಸಾಂಡರ್ ಮೇಜರ್ಸ್.

ಈತನು 1814ನೆಯ ಇಸವಿಯಲ್ಲಿ ಕೆಂಟಕಿ ಸಂಸ್ಥಾನದಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ತಂದೆಯೊಡನೆ ಮಿಸೌರಿ ಪ್ರಾಂತಕ್ಕೆ ಬಂದು, ಕಾಡು ಕಡಿದು ಹೊಲ ಮಾಡುವ ದುಡಿಮೆಯಲ್ಲಿ ಬೆಳೆದನು. ಹೆಣ್ಣುಮಕ್ಕಳು ಹಲವರಿದ್ದ ಸಂಸಾರಕ್ಕೆ ಬೇಸಾಯದ ಆದಾಯವು ಸಾಲದಾಗಲು, ಬಂಡಿಯ ವ್ಯಾಪಾರಕ್ಕೆ ಕೈಹಾಕಿದನು. 1848ರಲ್ಲಿ ಆರು ಬಂಡಿಗಳೊಡನೆ ಸಾಂತಾ ಫೆ ಪಟ್ಟಣಕ್ಕೆ ಹೊರಟು, ಸರಕನ್ನಿಳಿಸಿ 92 ದಿನಗಳೊಳಗೆ ಊರಿಗೆ ಹಿಂದಿರುಗಿದನು. ಎತ್ತಿನ ಬಂಡಿಗಳೊಡನೆ ಅಷ್ಟು ಶೀಘ್ರವಾಗಿ ಆ ದಾರಿಯನ್ನು ಕ್ರಮಿಸಿದವರು ಇರಲಿಲ್ಲವಾಗಿ ಆತನ ಹೆಸರು ಎಲ್ಲೆಡೆ ಹಬ್ಬಿತು.

ಆ ಯಶಸ್ಸಿನ ಮೂಲವು ಶಿಸ್ತು. ಕೆಲಸಕ್ಕೆ ಸೇರುವ ಪ್ರತಿಯೊಬ್ಬ ಆಳೂ ಕುಡಿಯುವುದಿಲ್ಲ, ಜೂಜಾಡುವುದಿಲ್ಲ, ಕೆಟ್ಟ ಮಾತಾಡುವುದಿಲ್ಲ, ಎತ್ತುಗಳನ್ನು ಹಿಂಸಿಸುವುದಿಲ್ಲವೆಂದು ಪ್ರತಿಜ್ಞೆ ಮಾಡಬೇಕಾಗಿದ್ದಿತು. ತಪ್ಪಿದವನಿಗೆ ಕೂಲಿಯಿಲ್ಲದೆ ಬಿಡುಗಡೆ. ಭಾನುವಾರ ಆಳುಗಳಿಗೂ ಎತ್ತುಗಳಿಗೂ ವಿಶ್ರಾಂತಿ. ಆರು ಜೊತೆ ಎತ್ತುಗಳನ್ನು ಹೂಡಿದ ಒಂದೊಂದು ಬಂಡಿಯೂ ಸುಮಾರು 6,000 ಪೌಂಡು ಭಾರವನ್ನು ಹೊತ್ತು, ದಿನಕ್ಕೆ ಹನ್ನೆರಡು ಹದಿನೈದು ಮೈಲಿ ನಡೆಯುತ್ತಿದ್ದಿತು. ಇಪ್ಪತ್ತೈದಕ್ಕೂ ಹೆಚ್ಚು ಬಂಡಿಗಳದೊಂದು ಸಾಲು. ಬಳಲಿದ ಎತ್ತು ದಾರಿಯಲ್ಲಿ ಬಿದ್ದರೆ ಸಾಲೆಲ್ಲ ನಿಲ್ಲುವುದಾದುದರಿಂದ, ಆತನ ದಯೆಯು ಧರ್ಮವೂ ಹೌದು, ವ್ಯಾಪಾರದ ಜಾಣತನವೂ ಹೌದು.

ಇಷ್ಟಾದರೂ ಆತನ ಚರಿತ್ರೆಯಲ್ಲಿ ಮರೆಮಾಚಬಾರದ ಕಲಂಕವೊಂದುಂಟು. ಎತ್ತಿನ ನೋವನ್ನರಿತ ಈ ಪುರುಷನು ಮನುಷ್ಯರನ್ನು ಗುಲಾಮರನ್ನಾಗಿ ಇರಿಸಿಕೊಂಡಿದ್ದನು. ಅವರಲ್ಲಿ ಕೆಲವರು 1860ರಲ್ಲಿ ನೆಬ್ರಾಸ್ಕದ ಆತನ ಮನೆಯಿಂದ ತಪ್ಪಿಸಿಕೊಂಡು ಹೋದರು. ಮೂಕಪ್ರಾಣಿಗೆ ತೋರಿದ ಕರುಣೆಯನ್ನು ನೆರೆಯ ಮಾನವನಿಗೆ ತೋರದ ಧರ್ಮವು ಅರ್ಧ ಧರ್ಮವೇ ಸರಿ.

1855ರಲ್ಲಿ ಮೇಜರ್ಸನು ರಸೆಲ್ ಮತ್ತು ವಾಡೆಲ್ ಎಂಬ ಇಬ್ಬರು ವರ್ತಕರೊಡನೆ ಪಾಲುಗಾರನಾದನು. ಬಂಡಿಗಳ ಆಡಳಿತ ಈತನದು, ಲೆಕ್ಕಪತ್ರ ವಾಡೆಲನದು, ರಾಜಧಾನಿಯಲ್ಲಿ ಗುತ್ತಿಗೆಗಳನ್ನು ಹಿಡಿಯುವುದು ರಸೆಲನದು. ಪಶ್ಚಿಮದ ಕೋಟೆಗಳಿಗೆ ಸೈನ್ಯದ ಸಾಮಗ್ರಿಯನ್ನು ಸಾಗಿಸುವ ಗುತ್ತಿಗೆಯು ದೊರೆಯಿತು. 1858ರಲ್ಲಿ, ಮೇಜರ್ಸನೇ ಬರೆದಿಟ್ಟ ಲೆಕ್ಕದಂತೆ, ಕಂಪೆನಿಯಲ್ಲಿ 3,500 ಬಂಡಿಗಳೂ 40,000 ಎತ್ತುಗಳೂ 4,000 ಆಳುಗಳೂ ಇದ್ದರು.

ಆದರೆ ಕೇಡಿನ ಬೀಜವು ಅದಕ್ಕೆ ಮೊದಲೇ ಬಿದ್ದಿದ್ದಿತು. 1857ರಲ್ಲಿ ಯೂಟಾ ಪ್ರಾಂತಕ್ಕೆ ದಂಡು ಹೊರಡಲು, ಗುತ್ತಿಗೆಯಲ್ಲಿಲ್ಲದ ಹೆಚ್ಚಿನ ಭಾರವನ್ನು ಸಾಗಿಸುವಂತೆ ಸೇನಾಧಿಕಾರಿಗಳು ಒತ್ತಾಯಪಡಿಸಿದರು. ಬಾಯಿಮಾತಿನ ಭರವಸೆಯನ್ನು ನಂಬಿ ಕಂಪೆನಿಯು ಸಾಲಮಾಡಿ ಬಂಡಿಗಳನ್ನು ಕೊಂಡಿತು. ಅಕ್ಟೋಬರಿನಲ್ಲಿ ಮಾರ್ಮನ್ ಪಂಥದ ಸವಾರರು ಮೂರು ಸಾಲು ಬಂಡಿಗಳಿಗೆ ಬೆಂಕಿಯಿಟ್ಟರು. ಚಳಿಗಾಲದ ಹಿಮದಲ್ಲಿ ಎತ್ತುಗಳು ಸತ್ತುವು. ನಷ್ಟವು ಸುಮಾರು ಐದು ಲಕ್ಷ ಡಾಲರು. ಸರ್ಕಾರವು ಅದನ್ನು ತುಂಬಿಕೊಡಲಿಲ್ಲ.

ಸಾಲದಿಂದ ಸಾಲವನ್ನು ತೀರಿಸಲು ರಸೆಲನು ಹವಣಿಸಿದನು. 1859ರಲ್ಲಿ ಪಾಲುಗಾರರು ಬೇಡವೆಂದರೂ ಕೇಳದೆ, ಚಿನ್ನದ ಗಣಿಗಳಿಗೆ ಪ್ರಯಾಣದ ಗಾಡಿಗಳನ್ನು ಹೂಡಿದನು. ಅದು ಮುಳುಗಲು, ಆತನ ಮರ್ಯಾದೆಯನ್ನುಳಿಸುವುದಕ್ಕಾಗಿ ಉಳಿದಿಬ್ಬರೂ ಆ ಭಾರಕ್ಕೆ ಹೆಗಲು ಕೊಟ್ಟರು. 1860ರ ಏಪ್ರಿಲ್ 3ರಂದು ಪ್ರಸಿದ್ಧವಾದ ಪೋನಿ ಎಕ್ಸ್‌ಪ್ರೆಸ್ ಎಂಬ ಕುದುರೆ ಅಂಚೆಯು ಹೊರಟು, ಸುಮಾರು 2,000 ಮೈಲಿಗಳನ್ನು ಹತ್ತು ದಿನಗಳಲ್ಲಿ ದಾಟಿತು. ಕೀರ್ತಿ ಬಂದಿತು; ಹಣ ಬರಲಿಲ್ಲ. ಅದೇ ವರ್ಷದ ಕೊನೆಗೆ ರಸೆಲನು ಸರ್ಕಾರದ ಸಾಲಪತ್ರಗಳನ್ನು ಅಕ್ರಮವಾಗಿ ಪಡೆದನೆಂಬ ಆರೋಪದಿಂದ ಬಂಧಿತನಾದನು. 1861ರ ಅಕ್ಟೋಬರಿನಲ್ಲಿ ತಂತಿಯ ಮಾರ್ಗವು ಪೂರ್ಣವಾಗಲು ಕುದುರೆ ಅಂಚೆಯು ನಿಂತಿತು. 1862ರಲ್ಲಿ ಗಾಡಿಗಳ ಕಂಪೆನಿಯು ಹರಾಜಿನಲ್ಲಿ ಬೆನ್ ಹಾಲಡೇ ಎಂಬವನ ಪಾಲಾಯಿತು. ರಸೆಲನೂ ವಾಡೆಲನೂ 1872ರಲ್ಲಿ ಗತಿಸಿದರು.

ಮೇಜರ್ಸನ ಆಸ್ತಿಯು ಸಾಲಕೊಟ್ಟವರ ವಶವಾಯಿತು. ನಲವತ್ತು ಸಾವಿರ ಎತ್ತುಗಳ ಯಜಮಾನನಾಗಿದ್ದವನು ದೈನ್ಯವನ್ನು ನೆಚ್ಚದೆ, ರೈಲುಮಾರ್ಗದ ಕೆಲಸದಲ್ಲಿ ದುಡಿದನು. ಬಂಡಿಯ ಕಾಲವನ್ನು ಮುಗಿಸಿದ ರೈಲೇ ಆತನಿಗೆ ಅನ್ನವಾಯಿತು. ಮುಪ್ಪಿನಲ್ಲಿ ಡೆನ್ವರ್ ಪಟ್ಟಣದ ಬಡಗುಡಿಸಿಲೊಂದರಲ್ಲಿ ಒಬ್ಬನೇ ಕುಳಿತು ಬಾಳಿನ ಕಥೆಯನ್ನು ಬರೆಯುತ್ತಿದ್ದನು.

ಆಗ ಆತನನ್ನು ಹುಡುಕಿಕೊಂಡು ಬಂದವನು ಲೋಕಪ್ರಸಿದ್ಧನಾಗಿದ್ದ ಬಫೆಲೋ ಬಿಲ್, ಅಂದರೆ ವಿಲಿಯಂ ಕೋಡಿ. ತಂದೆ ಸತ್ತ ಬಾಲಕನಾಗಿದ್ದಾಗ ಆತನಿಗೆ ಕೆಲಸ ಕೊಟ್ಟು ಅನ್ನದ ದಾರಿ ತೋರಿಸಿದ್ದುದು ಇದೇ ಕಂಪೆನಿ. ಕೋಡಿಯ ಸಹಾಯದಿಂದ ಆ ಗ್ರಂಥವು 1893ರಲ್ಲಿ ಪ್ರಕಟವಾಯಿತು. 1900ರ ಜನವರಿಯಲ್ಲಿ ಮೇಜರ್ಸನು ಷಿಕಾಗೋ ನಗರದಲ್ಲಿ ದೇಹವನ್ನು ಬಿಟ್ಟನು.

ಬಂಡಿಗಳು ಸುಟ್ಟುವು, ಎತ್ತುಗಳು ಅಳಿದುವು, ಸರ್ಕಾರದ ಭರವಸೆಯು ಗಾಳಿಯಲ್ಲಿ ಹೋಯಿತು. ಅನಾಥ ಬಾಲಕನೊಬ್ಬನಿಗೆ ಕೊಟ್ಟ ಕೂಲಿಯೊಂದು ಮಾತ್ರ ಮೂವತ್ತು ವರ್ಷಗಳ ಮೇಲೆ ಬಾಗಿಲು ತಟ್ಟಿ ಹಿಂದಿರುಗಿತು.