ಥಾಮಸ್ ಮನ್ರೋ

ಸರ್ ಥಾಮಸ್ ಮನ್ರೋ (27 ಮೇ 1761 – 6 ಜುಲೈ 1827) ಸ್ಕಾಟ್ಲೆಂಡ್ ಮೂಲದ ಸೇನಾಧಿಕಾರಿ ಹಾಗೂ ಮದ್ರಾಸ್ ಪ್ರಾಂತ್ಯದ ಗವರ್ನರ್. ರೈತವಾರಿ ಕಂದಾಯ ಪದ್ಧತಿಯನ್ನು ನೆಲೆಗೊಳಿಸಿದವರಲ್ಲಿ ಪ್ರಮುಖರು.

ಕುಲನಾಮ

ಮನ್ರೋ ಎಂಬುದು ಉತ್ತರ ಸ್ಕಾಟ್ಲೆಂಡಿನ ಈಸ್ಟರ್ ರಾಸ್ ಪ್ರದೇಶದ ಒಂದು ಕುಲದ ಹೆಸರು. ಈ ಕುಲದ ಪೂರ್ವಜರು ಐರ್ಲೆಂಡಿನ ರೋ ನದಿಯ ತೀರದಿಂದ ವಲಸೆ ಬಂದರೆಂದೂ ಆ ನದಿಯಿಂದಲೇ ಹೆಸರು ಹುಟ್ಟಿತೆಂದೂ ಪ್ರತೀತಿಯಿದೆ. ಅಮೆರಿಕದ ಅಧ್ಯಕ್ಷರಾಗಿದ್ದ ಜೇಮ್ಸ್ ಮನ್ರೋ ಅವರ ಕುಲನಾಮವೂ ಇದರ ರೂಪಾಂತರವೇ. ಸ್ಕಾಟ್ಲೆಂಡಿನಲ್ಲಿ 3,000 ಅಡಿಗೂ ಎತ್ತರದ ಪರ್ವತಗಳನ್ನು ‘ಮನ್ರೋ’ ಎಂದೇ ಕರೆಯುತ್ತಾರೆ. 1891ರಲ್ಲಿ ಅವುಗಳ ಪಟ್ಟಿಯನ್ನು ಪ್ರಕಟಿಸಿದ ಹ್ಯೂ ಮನ್ರೋ ಅವರಿಂದ ಈ ಬಳಕೆ ಬಂದಿದೆ.

ಜೀವನ

ಗ್ಲಾಸ್ಗೋ ನಗರದ ವ್ಯಾಪಾರಿಯೊಬ್ಬರ ಮಗನಾದ ಥಾಮಸ್, 1780ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೆಡೆಟ್ ಆಗಿ ಮದ್ರಾಸಿಗೆ ಬಂದು ಹೈದರ್ ಅಲಿಯ ವಿರುದ್ಧದ ಯುದ್ಧದಲ್ಲಿ ಪಾಲ್ಗೊಂಡರು. ಬಳಿಕ ಬಾರಾಮಹಲ್ ಮತ್ತು ಕೆನರಾ ಪ್ರದೇಶಗಳಲ್ಲಿ ಕಂದಾಯ ಆಡಳಿತ ನಡೆಸಿದರು. 1800ರಿಂದ 1807ರವರೆಗೆ, ನಿಜಾಮರು ಕಂಪನಿಗೆ ಬಿಟ್ಟುಕೊಟ್ಟಿದ್ದ ಬಳ್ಳಾರಿ ಮೊದಲಾದ ಪ್ರದೇಶಗಳ ಪ್ರಧಾನ ಕಲೆಕ್ಟರ್ ಆಗಿ, ಮಧ್ಯವರ್ತಿಗಳಿಲ್ಲದೆ ರೈತರಿಂದಲೇ ಕಂದಾಯ ಪಡೆಯುವ ವ್ಯವಸ್ಥೆಯನ್ನು ಜಾರಿಗೊಳಿಸಿದರು. ಆದರೆ ತಾವೇ ನಿಗದಿಪಡಿಸಿದ ದರ ರೈತರಿಗೆ ಭಾರವೆಂದು ಮನಗಂಡು, ಕಾಲುಭಾಗ ಇಳಿಸುವಂತೆ 1807ರಲ್ಲಿ ಶಿಫಾರಸು ಮಾಡಿದರು. ಸರ್ಕಾರ ಅದನ್ನು ಒಪ್ಪದೆ ಗ್ರಾಮ ಗುತ್ತಿಗೆ ಪದ್ಧತಿಯನ್ನು ತಂದಿತು. ಮನ್ರೋ 1820ರಲ್ಲಿ ಗವರ್ನರ್ ಆದ ನಂತರ ಇಳಿಸಿದ ದರದೊಂದಿಗೆ ರೈತವಾರಿ ಪದ್ಧತಿ ಮರಳಿ ಬಂದಿತು.

1827ರಲ್ಲಿ ಅದೇ ಜಿಲ್ಲೆಗಳ ಪ್ರವಾಸದಲ್ಲಿದ್ದಾಗ ಪತ್ತಿಕೊಂಡದಲ್ಲಿ ಕಾಲರಾದಿಂದ ನಿಧನರಾದರು. ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿ ರಚಿಸಿದ ಅವರ ಅಶ್ವಾರೂಢ ಪ್ರತಿಮೆ ಚೆನ್ನೈನಲ್ಲಿದೆ.