ಅಮೆಡಿಯೊ ಅವೊಗಾಡ್ರೊ

ಅಮೆಡಿಯೊ ಅವೊಗಾಡ್ರೊ (9 ಆಗಸ್ಟ್ 1776 – 9 ಜುಲೈ 1856) ಇಟಲಿಯ ಭೌತವಿಜ್ಞಾನಿ. ಒಂದೇ ಉಷ್ಣತೆ ಮತ್ತು ಒಂದೇ ಒತ್ತಡದಲ್ಲಿರುವ ಎಲ್ಲ ಅನಿಲಗಳ ಸಮಾನ ಗಾತ್ರಗಳಲ್ಲಿ ಸಮಾನ ಸಂಖ್ಯೆಯ ಅಣುಗಳಿರುತ್ತವೆ ಎಂಬ ನಿಯಮವನ್ನು ಇವರು 1811ರಲ್ಲಿ ಮಂಡಿಸಿದರು. ಆದರ್ಶ ಅನಿಲ ಸಮೀಕರಣದಿಂದ ಅನಿಲಗಳ ಸಾಂದ್ರತೆ, ಅಣುತೂಕ ಮುಂತಾದವನ್ನು ಲೆಕ್ಕ ಹಾಕಲು ಈ ನಿಯಮವೇ ಆಧಾರ. ಇವರ ಜೀವಿತಕಾಲದಲ್ಲಿ ಇದಕ್ಕೆ ಮನ್ನಣೆ ದೊರೆಯಲಿಲ್ಲ.

ಜನನ ಮತ್ತು ಶಿಕ್ಷಣ

ಅವೊಗಾಡ್ರೊ ಟ್ಯೂರಿನ್ ನಗರದ ಶ್ರೀಮಂತ ಕುಲೀನ ಮನೆತನದಲ್ಲಿ ಜನಿಸಿದರು. ತಂದೆ ಫಿಲಿಪ್ಪೊ ನ್ಯಾಯಾಡಳಿತದಲ್ಲಿ ಉನ್ನತ ಹುದ್ದೆಯಲ್ಲಿದ್ದವರು. ಮನೆತನದ ಸಂಪ್ರದಾಯದಂತೆ ಅವೊಗಾಡ್ರೊ ಕಾನೂನನ್ನು ಅಭ್ಯಾಸ ಮಾಡಿ, 1796ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲೇ, ಚರ್ಚ್ ಕಾನೂನಿನಲ್ಲಿ ಡಾಕ್ಟರೇಟ್ ಪಡೆದರು. ಕೆಲವು ವರ್ಷಗಳ ಬಳಿಕ ಆಸಕ್ತಿ ವಿಜ್ಞಾನದತ್ತ ಹೊರಳಿತು. ಸುಮಾರು 1800ರಿಂದ ಗಣಿತ ಮತ್ತು ಭೌತವಿಜ್ಞಾನವನ್ನು ಖಾಸಗಿಯಾಗಿ ಕಲಿತರು. 1803ರಲ್ಲಿ ಸಹೋದರ ಫೆಲಿಚೆಯೊಡನೆ ವಿದ್ಯುತ್ತನ್ನು ಕುರಿತ ಪ್ರಬಂಧವನ್ನು ಟ್ಯೂರಿನ್ನಿನ ವಿಜ್ಞಾನ ಅಕಾಡೆಮಿಗೆ ಸಲ್ಲಿಸಿದರು. 1809ರಲ್ಲಿ ವೆರ್ಚೆಲ್ಲಿ ಎಂಬ ಊರಿನ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು.

1811ರ ಪ್ರಬಂಧ

ಅನಿಲಗಳು ಸರಳ ಗಾತ್ರಾನುಪಾತದಲ್ಲಿ ಸಂಯೋಗ ಹೊಂದುತ್ತವೆ ಎಂದು ಫ್ರಾನ್ಸಿನ ಗೇ-ಲುಸಾಕ್ 1808ರಲ್ಲಿ ತೋರಿಸಿದ್ದರು. ಎರಡು ಗಾತ್ರ ಜಲಜನಕವೂ ಒಂದು ಗಾತ್ರ ಆಮ್ಲಜನಕವೂ ಸೇರಿದರೆ ಎರಡು ಗಾತ್ರ ನೀರಾವಿ ದೊರೆಯುತ್ತದೆ. ಸಮಾನ ಗಾತ್ರಗಳಲ್ಲಿ ಸಮಾನ ಸಂಖ್ಯೆಯ ಕಣಗಳಿದ್ದರೆ, ಆಮ್ಲಜನಕದ ಒಂದು ಕಣ ಎರಡು ನೀರಿನ ಕಣಗಳಿಗೆ ಹಂಚಿಹೋಗಬೇಕು. ಪರಮಾಣುವನ್ನು ಒಡೆಯಲಾಗದು ಎಂದು ಪ್ರತಿಪಾದಿಸಿದ್ದ ಜಾನ್ ಡಾಲ್ಟನ್ ಇದನ್ನು ಒಪ್ಪಲಿಲ್ಲ.

ಅವೊಗಾಡ್ರೊ ಈ ತೊಡಕನ್ನು ಬಿಡಿಸಿದರು. ಜಲಜನಕ, ಆಮ್ಲಜನಕಗಳ ಕಣಗಳು ಬಿಡಿ ಪರಮಾಣುಗಳಲ್ಲ. ಎರಡು ಪರಮಾಣುಗಳು ಸೇರಿದ ಅಣುಗಳು. ಕ್ರಿಯೆಯಲ್ಲಿ ಇಬ್ಭಾಗವಾಗುವುದು ಅಣುವೇ ಹೊರತು ಪರಮಾಣುವಲ್ಲ. ಫ್ರೆಂಚ್ ಭಾಷೆಯಲ್ಲಿ ಬರೆದ ಈ ಪ್ರಬಂಧ ಪ್ಯಾರಿಸ್ಸಿನ ಭೌತವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ತತ್ತ್ವದಿಂದ ಅನಿಲಗಳ ಸಾಂದ್ರತೆಯನ್ನು ಅಳೆದರೆ ಅವುಗಳ ಅಣುಗಳ ತೂಕವನ್ನೂ ಹೋಲಿಸಬಹುದಾಯಿತು. ಗಾಳಿಯ ಸಾಂದ್ರತೆಯನ್ನು 1 ಎಂದು ಗಣಿಸಿದರೆ ಆಮ್ಲಜನಕದ ಸಾಂದ್ರತೆ 1.10359, ಜಲಜನಕದ್ದು 0.07321 ಎಂಬ ಅಂದಿನ ಮಾಪನಗಳನ್ನು ಅವೊಗಾಡ್ರೊ ಬಳಸಿದರು. ಆಮ್ಲಜನಕದ ಅಣು ಜಲಜನಕದ ಅಣುವಿಗಿಂತ ಸುಮಾರು 15.07 ಪಟ್ಟು ಭಾರವೆಂದು ತಿಳಿಯಿತು. ಇಂದಿನ ಮೌಲ್ಯ ಸುಮಾರು 16. ವ್ಯತ್ಯಾಸಕ್ಕೆ ಕಾರಣ ಅಂದಿನ ಮಾಪನಗಳ ನ್ಯೂನತೆ. ವಿಧಾನ ಸರಿಯಾಗಿಯೇ ಇತ್ತು.

ನಿರ್ಲಕ್ಷ್ಯಕ್ಕೆ ಕಾರಣಗಳು

ವಿರುದ್ಧ ವಿದ್ಯುದಾವೇಶಗಳ ಆಕರ್ಷಣೆಯಿಂದಲೇ ಪರಮಾಣುಗಳು ಸೇರುತ್ತವೆ ಎಂಬ ಬರ್ಜೀಲಿಯಸ್‌ರ ಸಿದ್ಧಾಂತ ಆಗ ಪ್ರಬಲವಾಗಿತ್ತು. ಅದರ ಪ್ರಕಾರ ಒಂದೇ ಧಾತುವಿನ ಎರಡು ಪರಮಾಣುಗಳು ಸೇರುವುದು ಅಸಾಧ್ಯ. ಡ್ಯೂಮಾ ನಡೆಸಿದ ಆವಿಸಾಂದ್ರತೆಯ ಪ್ರಯೋಗಗಳಲ್ಲಿ ಪಾದರಸ ಮತ್ತು ಗಂಧಕಗಳಿಗೆ ಅನಿರೀಕ್ಷಿತ ಮೌಲ್ಯಗಳು ಬಂದುದೂ ಸಂಶಯವನ್ನು ಹೆಚ್ಚಿಸಿತು. ಪಾದರಸದ ಆವಿಯಲ್ಲಿ ಬಿಡಿ ಪರಮಾಣುಗಳೂ ಗಂಧಕದ ಆವಿಯಲ್ಲಿ ಹಲವು ಪರಮಾಣುಗಳ ಅಣುಗಳೂ ಇರುತ್ತವೆ ಎಂಬುದು ಆಗ ತಿಳಿದಿರಲಿಲ್ಲ. ಇದರಿಂದ ರಸಾಯನವಿಜ್ಞಾನದಲ್ಲಿ ದಶಕಗಳ ಕಾಲ ಗೊಂದಲ ಉಳಿಯಿತು. ನೀರಿನಂಥ ಸರಳ ವಸ್ತುವಿಗೂ ಒಮ್ಮತದ ಸೂತ್ರವಿರಲಿಲ್ಲ. ಅಸಿಟಿಕ್ ಆಮ್ಲಕ್ಕೆ ಬಳಕೆಯಲ್ಲಿದ್ದ 19 ಬಗೆಯ ಸೂತ್ರಗಳನ್ನು ಕೆಕುಲೆ ತಮ್ಮ ಪಠ್ಯಪುಸ್ತಕದಲ್ಲಿ ಪಟ್ಟಿ ಮಾಡಿದ್ದರು.

ನಂತರದ ಜೀವನ

1820ರಲ್ಲಿ ಟ್ಯೂರಿನ್ ವಿಶ್ವವಿದ್ಯಾಲಯದಲ್ಲಿ ಗಣಿತೀಯ ಭೌತವಿಜ್ಞಾನ ಪೀಠ ಸ್ಥಾಪನೆಯಾಗಿ, ಅವೊಗಾಡ್ರೊ ಅದರ ಮೊದಲ ಪ್ರಾಧ್ಯಾಪಕರಾದರು. 1821ರ ರಾಜಕೀಯ ದಂಗೆಯ ನಂತರ ಪೀಠ ರದ್ದಾಯಿತು. ಅದು ಮತ್ತೆ ಆರಂಭವಾದಾಗ ಫ್ರಾನ್ಸಿನ ಗಣಿತಜ್ಞ ಕೌಶಿ ಅಲ್ಲಿಗೆ ಬಂದರು. ಅವರು ತೆರಳಿದ ಮೇಲೆ 1834ರಲ್ಲಿ ಅವೊಗಾಡ್ರೊ ಮರಳಿ ನೇಮಕಗೊಂಡು, 1850ರವರೆಗೆ ಬೋಧಿಸಿದರು. 1837ರಿಂದ 1841ರ ನಡುವೆ ಇವರ ಭೌತವಿಜ್ಞಾನ ಗ್ರಂಥ ನಾಲ್ಕು ಸಂಪುಟಗಳಲ್ಲಿ ಹೊರಬಂದಿತು. 1856ರಲ್ಲಿ ಟ್ಯೂರಿನ್ನಿನಲ್ಲಿಯೇ ನಿಧನರಾದರು.

ಮರಣೋತ್ತರ ಮನ್ನಣೆ

ಇಟಲಿಯವರೇ ಆದ ಕ್ಯಾನಿಜಾರೊ 1858ರಲ್ಲಿ ಪ್ರಕಟಿಸಿದ ಪಾಠಕ್ರಮದಲ್ಲಿ, ಅವೊಗಾಡ್ರೊ ನಿಯಮದಿಂದ ಪರಮಾಣುತೂಕಗಳನ್ನು ಸುಸಂಗತವಾಗಿ ನಿರ್ಧರಿಸಬಹುದೆಂದು ತೋರಿಸಿದರು. 1860ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ನಡೆದ ರಸಾಯನವಿಜ್ಞಾನಿಗಳ ಸಮ್ಮೇಳನದಲ್ಲಿ ಈ ಕಿರುಹೊತ್ತಗೆಯನ್ನು ಹಂಚಲಾಯಿತು. ಅಲ್ಲಿದ್ದ ಲೋಥರ್ ಮೇಯರ್ ಮತ್ತು ಮೆಂಡಲೀವ್ ಮುಂದೆ ಧಾತುಗಳನ್ನು ವರ್ಗೀಕರಿಸಿದ್ದು ಹೀಗೆ ಸರಿಪಡಿಸಿದ ಪರಮಾಣುತೂಕಗಳ ಆಧಾರದ ಮೇಲೆ.

ಆದರ್ಶ ಅನಿಲ ಸಮೀಕರಣದಲ್ಲಿ ಸ್ಥಾನ

1834ರಲ್ಲಿ ಕ್ಲಾಪೇರಾನ್ ಹಿಂದಿನ ಅನಿಲ ನಿಯಮಗಳನ್ನು ಒಂದೇ ಸಮೀಕರಣದಲ್ಲಿ ಸೇರಿಸಿದರು. ಸಮಾನ ತೂಕದ ಅನಿಲಗಳನ್ನು ತೆಗೆದುಕೊಂಡರೆ ಅದರ ಸ್ಥಿರಾಂಕ ಅನಿಲದಿಂದ ಅನಿಲಕ್ಕೆ ಬೇರೆಯಾಗುತ್ತಿತ್ತು. ತೂಕದ ಬದಲು ಅವೊಗಾಡ್ರೊ ನಿಯಮದಂತೆ ಮೋಲ್‌ಗಳನ್ನು ಎಣಿಸಿದಾಗ ಎಲ್ಲ ಅನಿಲಗಳಿಗೂ ಒಂದೇ ಸ್ಥಿರಾಂಕ ಸಾಕಾಯಿತು:

ಒತ್ತಡ × ಗಾತ್ರ = ಮೋಲ್‌ಗಳ ಸಂಖ್ಯೆ × ಅನಿಲ ಸ್ಥಿರಾಂಕ × ನಿರಪೇಕ್ಷ ಉಷ್ಣತೆ

ಉದಾಹರಣೆಗೆ, 27 ಡಿಗ್ರಿ ಸೆಲ್ಸಿಯಸ್ (ಸುಮಾರು 300 ಕೆಲ್ವಿನ್) ಮತ್ತು 1 ವಾಯುಭಾರದಲ್ಲಿ ಒಂದು ಲೀಟರ್ ಅನಿಲದ ತೂಕ 1.30 ಗ್ರಾಂ ಇದೆಯೆನ್ನೋಣ. ಸ್ಥಿರಾಂಕವನ್ನು 0.0821 ಲೀಟರ್-ವಾಯುಭಾರ ಪ್ರತಿ ಮೋಲ್-ಕೆಲ್ವಿನ್ ಎಂದು ತೆಗೆದುಕೊಂಡರೆ, ಒಂದು ಮೋಲ್‌ನ ತೂಕ 1.30 × 0.0821 × 300 ÷ 1, ಅಂದರೆ ಸುಮಾರು 32 ಗ್ರಾಂ. ಇದು ಆಮ್ಲಜನಕದ ಅಣುತೂಕಕ್ಕೆ ಹೊಂದುತ್ತದೆ. ಒತ್ತಡ ಬಹಳ ಹೆಚ್ಚಾದಾಗ ಅಥವಾ ಅನಿಲ ದ್ರವವಾಗುವ ಉಷ್ಣತೆ ಸಮೀಪಿಸಿದಾಗ ಈ ಲೆಕ್ಕ ನಿಖರವಾಗಿರುವುದಿಲ್ಲ.

ಅವೊಗಾಡ್ರೊ ಸ್ಥಿರಾಂಕ

ಒಂದು ಮೋಲ್‌ನಲ್ಲಿರುವ ಕಣಗಳ ಸಂಖ್ಯೆಯನ್ನು ಅವೊಗಾಡ್ರೊ ಸ್ವತಃ ಲೆಕ್ಕ ಹಾಕಿರಲಿಲ್ಲ. ಅಣುಗಳ ಗಾತ್ರವನ್ನು 1865ರಲ್ಲಿ ಲೋಶ್ಮಿಟ್ ಅಂದಾಜು ಮಾಡಿದ ಮೇಲೆ ಅಂಥ ಲೆಕ್ಕಕ್ಕೆ ದಾರಿಯಾಯಿತು. 1909ರಲ್ಲಿ ಫ್ರಾನ್ಸಿನ ಜಾನ್ ಪೆರಾನ್ ಈ ಸಂಖ್ಯೆಗೆ ಅವೊಗಾಡ್ರೊ ಅವರ ಹೆಸರನ್ನು ಸೂಚಿಸಿದರು. 2019ರ ಮೇ 20ರಿಂದ ಇದರ ಮೌಲ್ಯವನ್ನು 6.02214076 × 10²³ ಎಂದು ನಿಶ್ಚಿತಗೊಳಿಸಲಾಗಿದೆ. ಚಂದ್ರನ ಮೇಲಿನ ಒಂದು ಕುಳಿಗೂ ಅವೊಗಾಡ್ರೊ ಅವರ ಹೆಸರಿದೆ.