ಬರಗಾಲದ ಹೆಣ್ಣುಮಕ್ಕಳಿಗೆ ಆಸರೆಯಾದ ಪಂಡಿತಾ ರಮಾಬಾಯಿ

ಸೋಲಾಪುರದಿಂದ ಪುಣೆಗೆ ರೈಲಿನಲ್ಲಿ ಹೋಗುವಾಗ ದೌಂಡ್ ದಾಟಿದ ಮೇಲೆ ಕೇಡಗಾಂವ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ ನಮ್ಮ ಭಾಗದ ಜನರೂ ಈ ಹೆಸರನ್ನು ಅಷ್ಟಾಗಿ ಗಮನಿಸಿರಲಿಕ್ಕಿಲ್ಲ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಬರಗಾಲದಲ್ಲಿ ದಿಕ್ಕಿಲ್ಲದಾದ ನೂರಾರು ಹೆಣ್ಣುಮಕ್ಕಳಿಗೆ ಅನ್ನ, ಅಕ್ಷರ, ಕಸುಬು ಸಿಕ್ಕಿದ್ದು ಇದೇ ಊರಿನಲ್ಲಿ. ಅವರನ್ನು ಅಲ್ಲಿಗೆ ಕರೆತಂದವರು ಪಂಡಿತಾ ರಮಾಬಾಯಿ. ಮರಾಠಿ ಮನೆಮಾತಿನ ಈ ತಾಯಿ ಹುಟ್ಟಿದ್ದು ಕನ್ನಡ ನಾಡಿನಲ್ಲಿ.

ರಮಾಬಾಯಿ 1858ರ ಏಪ್ರಿಲ್ 23ರಂದು ಈಗಿನ ಕಾರ್ಕಳ ತಾಲೂಕಿನ ಮಾಳದ ಬಳಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗರೆ ದೊಡ್ಡ ಸಂಸ್ಕೃತ ಪಂಡಿತರು. ಹೆಂಗಸರು ಸಂಸ್ಕೃತ ಕಲಿಯಬಾರದೆಂಬ ಕಟ್ಟಳೆಯನ್ನು ಒಪ್ಪದೆ ಹೆಂಡತಿ ಲಕ್ಷ್ಮೀಬಾಯಿಗೆ ಅವರೇ ಪಾಠ ಹೇಳಿದರು. ಆ ತಾಯಿಯೇ ಮಗಳಿಗೆ ಗುರುವಾದರು. ಕುಟುಂಬ ಊರೂರು ಅಲೆದು ಪುರಾಣ ಹೇಳಿ ಬದುಕುತ್ತಿತ್ತು. ಈ ಅಲೆದಾಟದಲ್ಲಿ ರಮಾಬಾಯಿಗೆ ಕನ್ನಡ, ಹಿಂದಿ, ಬಂಗಾಳಿ ಎಲ್ಲವೂ ಬಂದವು.

1870ರ ದಶಕದ ಬರಗಾಲದಲ್ಲಿ ಈ ಕುಟುಂಬ ಅನ್ನವಿಲ್ಲದೆ ನರಳಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲೇ ದೇಶ ಸುತ್ತುತ್ತಾ 1878ರಲ್ಲಿ ಕಲ್ಕತ್ತಾ ಸೇರಿದರು. ಇಪ್ಪತ್ತರ ಹರೆಯದ ಈ ಹುಡುಗಿಯ ವಿದ್ವತ್ತನ್ನು ಮೆಚ್ಚಿದ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಆದರೆ 1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಜಾತಿ ಮೀರಿ ಬಂಗಾಳಿ ವಕೀಲರೊಬ್ಬರನ್ನು ಮದುವೆಯಾದರು. 1882ರಲ್ಲಿ ಗಂಡ ಕಾಲರಾದಿಂದ ತೀರಿಕೊಂಡಾಗ ಮಗಳು ಮನೋರಮಾಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದ ರಮಾಬಾಯಿ 1883ರಲ್ಲಿ ಇಂಗ್ಲೆಂಡಿಗೆ ಹೋದರು. ಸಮಾಜ ಹೊರಹಾಕಿದ ಹೆಂಗಸರನ್ನು ಅಲ್ಲಿನ ಕ್ರೈಸ್ತ ಸನ್ಯಾಸಿನಿಯರು ಅಸಹ್ಯಪಡದೆ ಸಾಕುತ್ತಿದ್ದುದನ್ನು ಕಂಡರು. ಇದಕ್ಕೆ ಕಾರಣವೇನೆಂದು ವಿಚಾರಿಸಿದಾಗ, ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಕಥೆಯನ್ನು ಸನ್ಯಾಸಿನಿಯೊಬ್ಬರು ಓದಿ ಹೇಳಿದರು. ಅದು ರಮಾಬಾಯಿ ಮನಸ್ಸಿಗೆ ನಾಟಿತು. ಅದೇ ವರ್ಷ ಅವರು ದೀಕ್ಷಾಸ್ನಾನ ಪಡೆದರು.

ಅಮೆರಿಕದಲ್ಲಿ ಭಾಷಣ ಮಾಡಿ ಹಣ ಕೂಡಿಸಿ 1889ರಲ್ಲಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಮುಂದೆ ಮಹರ್ಷಿ ಕರ್ವೆಯವರ ಪತ್ನಿಯಾದ ಗೋದೂಬಾಯಿ ಇಲ್ಲಿ ಕಲಿತವರೇ. ಹುಡುಗಿಯರನ್ನು ಮತಾಂತರ ಮಾಡಲಾಗುತ್ತಿದೆ ಎಂದು 1893ರಲ್ಲಿ ದೊಡ್ಡ ಗಲಾಟೆ ಎದ್ದಿತು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಟೀಕಿಸಿತು. ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೂ ದೂರ ಸರಿದರು. ಹಲವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ರಮಾಬಾಯಿ ಸದನವನ್ನು ಮುಚ್ಚಲಿಲ್ಲ.

ಅವರ ನಿಜವಾದ ಪರೀಕ್ಷೆ 1896ರಲ್ಲಿ ಬಂತು. ಮಧ್ಯಪ್ರಾಂತದಲ್ಲಿ ಭೀಕರ ಬರ ಬಿದ್ದಿತ್ತು. ಕೈಯಲ್ಲಿ ಹಣವಿರಲಿಲ್ಲ, ಸದನದಲ್ಲಿ ಜಾಗವಿರಲಿಲ್ಲ. ಆದರೂ ತಾವು ಹಸಿದ ದಿನಗಳು ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಗಂಜಿ ಕೇಂದ್ರಗಳಿಗೆ ತಾವೇ ಹೋದರು. ತಂದೆತಾಯಿ ಇಲ್ಲದ ಹುಡುಗಿಯರು ಹಸಿವಿಗೂ ಕೆಟ್ಟ ಜನರಿಗೂ ಬಲಿಯಾಗುತ್ತಿದ್ದುದನ್ನು ಕಂಡು ಸುಮಾರು 300 ಮಂದಿಯನ್ನು ಕರೆತಂದರು. ಆಗ ಪುಣೆಯಲ್ಲಿ ಪ್ಲೇಗ್. ಹೊಸಬರನ್ನು ಊರಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಕೇಡಗಾಂವದಲ್ಲಿ ಕೊಂಡಿದ್ದ ಹೊಲದಲ್ಲೇ ಅವರಿಗೆ ನೆಲೆ ಮಾಡಿದರು. ಅದೇ ಮುಕ್ತಿ ಸದನವಾಯಿತು. 1900ರಲ್ಲಿ ಗುಜರಾತಿನ ಬರದಿಂದಲೂ ಹುಡುಗಿಯರು ಬಂದರು. ಅಲ್ಲಿದ್ದವರ ಸಂಖ್ಯೆ 1500 ದಾಟಿತು.

ಕೇವಲ ಊಟ ಹಾಕಿ ಅವರು ಕೈತೊಳೆದುಕೊಳ್ಳಲಿಲ್ಲ. ಓದು ಬರಹದ ಜೊತೆಗೆ ಹೊಲದ ಕೆಲಸ, ನೇಯ್ಗೆ, ಎಣ್ಣೆಗಾಣ, ಛಾಪಖಾನೆ ಕೆಲಸ ಕಲಿಸಿದರು. ಕುರುಡು ಹುಡುಗಿಯರಿಗೆ ಬ್ರೈಲ್ ಪಾಠವಿತ್ತು. ಮನೆಯವರು ಹೊರಹಾಕಿದ ಹೆಂಗಸರಿಗೆ ಕೃಪಾ ಸದನ ಇತ್ತು. ಆಗ ನಿಜಾಮನ ಆಳ್ವಿಕೆಯಲ್ಲಿದ್ದ ಗುಲ್ಬರ್ಗಾದಲ್ಲೂ, ಅಂದರೆ ಈಗಿನ ಕಲಬುರಗಿಯಲ್ಲೂ, ಒಂದು ಶಾಲೆ ತೆರೆದರು. ಅದನ್ನು ನಡೆಸಿದವರು ಮಗಳು ಮನೋರಮಾ.

ಕೊನೆಗಾಲದಲ್ಲಿ ರಮಾಬಾಯಿಗೆ ಕಿವಿ ಮಂದವಾಗಿತ್ತು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತರುವ ಕೆಲಸದಲ್ಲಿ ಮುಳುಗಿದ್ದರು. 1921ರಲ್ಲಿ ಮನೋರಮಾ ತೀರಿಕೊಂಡರು. ಆ ದುಃಖದಲ್ಲೂ ಅನುವಾದ ಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಣುಮುಚ್ಚಿದರು. 1989ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ಹೊರಡಿಸಿತು.

ಅವರ ಮತಾಂತರದ ಬಗ್ಗೆ ಇಂದಿಗೂ ಎರಡು ಅಭಿಪ್ರಾಯಗಳಿವೆ. ಆದರೆ ಬರದ ಊರಿಗೆ ಹೋಗಿ, ಯಾರಿಗೂ ಬೇಡವಾದ ಮಕ್ಕಳ ಕೈಹಿಡಿದು ಕರೆತಂದರು ಎಂಬುದರಲ್ಲಿ ಎರಡು ಮಾತಿಲ್ಲ. ಬರ ಎಂದರೆ ಏನೆಂದು ಬಲ್ಲ ನಮ್ಮ ಸೀಮೆಯ ಜನರಿಗೆ ಆ ಕೆಲಸದ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕೇಡಗಾಂವದಲ್ಲಿ ಮುಕ್ತಿ ಸಂಸ್ಥೆ ಇಂದಿಗೂ ನಡೆಯುತ್ತಿದೆ.